ಗರ್ಭಿಣಿಯ ಸಕ್ಕರೆ ಮತ್ತು ನಮ್ಮ ಅಡುಗೆಮನೆ

ಸೊಸೆ ಗರ್ಭಿಣಿಯೆಂಬ ಸುದ್ದಿ ತಿಳಿದೊಡನೆ ನಮ್ಮ ಮನೆಗಳಲ್ಲಿ ಮೊದಲು ಬದಲಾಗುವುದು ಅವಳ ಊಟದ ತಟ್ಟೆ. "ಇನ್ನು ನೀನು ಇಬ್ಬರಿಗಾಗಿ ಉಣ್ಣಬೇಕು" ಎಂಬ ಹಿರಿಯರ ಅಕ್ಕರೆಯ ಮಾತಿನೊಂದಿಗೆ ಒಂದು ಸೌಟು ಅನ್ನ ಹೆಚ್ಚು ಬೀಳುತ್ತದೆ. ತವರಿನಿಂದ ಸಿಹಿತಿಂಡಿಯ ಡಬ್ಬಿಗಳು ಬರುತ್ತವೆ. ಕೆಲಸ ಮುಟ್ಟಗೊಡದೆ ಅವಳನ್ನು ಕುಳ್ಳಿರಿಸಲಾಗುತ್ತದೆ. ಆರನೆಯ ತಿಂಗಳಲ್ಲಿ ರಕ್ತದ ಸಕ್ಕರೆ ಏರಿದೆಯೆಂದು ವೈದ್ಯರು ಹೇಳಿದ ದಿನ ಅದೇ ಮನೆಯ ಮಾತು ತಿರುಗುತ್ತದೆ. ಸಿಹಿ ತಿಂದು ರೋಗ ತಂದುಕೊಂಡಳೆಂಬ ಆಕ್ಷೇಪ, ಬಳಿಕ ಅವಳೊಬ್ಬಳಿಗೆ ಪ್ರತ್ಯೇಕ ಪಾತ್ರೆ, ಪ್ರತ್ಯೇಕ ಪಥ್ಯ. ಈ ಎರಡು ನಡವಳಿಕೆಗಳೂ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಗರ್ಭಕಾಲದ ಮಧುಮೇಹಕ್ಕೆ ಆಕೆ ತಿಂದ ಲಾಡುವೊಂದೇ ಕಾರಣವಲ್ಲ. ಮಗುವನ್ನು ಪೋಷಿಸುವ ಮಾಸು ಸ್ರವಿಸುವ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತವೆ. ಇದನ್ನು ಸರಿದೂಗಿಸುವಷ್ಟು ಇನ್ಸುಲಿನ್ ಉತ್ಪಾದಿಸಲಾಗದವರಲ್ಲಿ ಸಕ್ಕರೆ ಏರುತ್ತದೆ. ಮನೆತನದಲ್ಲಿ ಮಧುಮೇಹವಿರುವವರಲ್ಲಿ, ತೂಕ ಹೆಚ್ಚಿರುವವರಲ್ಲಿ ಈ ಸಂಭವ ಅಧಿಕ. ದೂಷಣೆಯಿಂದ ಇಳಿಯುವ ಸಕ್ಕರೆ ಇದಲ್ಲ.

ಹಾಗೆಂದು ಉದಾಸೀನವೂ ಸಲ್ಲದು. ತಾಯಿಯ ರಕ್ತದ ಸಕ್ಕರೆ ಮಾಸಿನ ಮೂಲಕ ಮಗುವಿಗೆ ಹರಿಯುತ್ತದೆ. ಮಗು ತಾನೇ ಅಧಿಕ ಇನ್ಸುಲಿನ್ ತಯಾರಿಸಿ ಮಿತಿಮೀರಿ ಬೆಳೆಯುತ್ತದೆ, ಹೆರಿಗೆ ಕಷ್ಟವಾಗುತ್ತದೆ, ಹುಟ್ಟಿದೊಡನೆ ಮಗುವಿನ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಪರಿಣಾಮ ತೊಟ್ಟಿಲಿಗೇ ಮುಗಿಯುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಆಧಾರವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ ಶೇಕಡಾ 6ರಷ್ಟು ಮಂದಿಯಲ್ಲಿ ಈ ತೊಂದರೆ ಕಂಡುಬಂದಿತು. ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಇಂತಹ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬಿನ ಅಂಶ ಇತರರಿಗಿಂತ ಹೆಚ್ಚಿತ್ತು.

ಪರೀಕ್ಷೆ ಸರಳವಾದುದು. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ ಎರಡು ಗಂಟೆಗಳ ಬಳಿಕ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಕಾಲದ ಮಧುಮೇಹ. ಮೊದಲ ಭೇಟಿಯಲ್ಲೂ 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆಯೂ ಇದನ್ನು ಮಾಡಿಸಬೇಕೆಂದು ಕೇಂದ್ರ ಸರಕಾರದ ಮಾರ್ಗಸೂಚಿ ಹೇಳುತ್ತದೆ. ಸಕ್ಕರೆ ಏರಿದವರಲ್ಲಿ ಬಹುಪಾಲು ಮಂದಿಗೆ ಆಹಾರ ಮತ್ತು ನಡಿಗೆಯಿಂದಲೇ ಅದು ಹತೋಟಿಗೆ ಬರುತ್ತದೆ. ಇಲ್ಲಿಯೇ ಅಡುಗೆಮನೆಯ ಪ್ರಶ್ನೆ ಏಳುವುದು.

ಕುಚ್ಚಲಕ್ಕಿಯಾದರೆ ಎಷ್ಟು ಉಂಡರೂ ಬಾಧಕವಿಲ್ಲವೆಂಬ ನಂಬಿಕೆ ಕರಾವಳಿಯಲ್ಲಿದೆ. ಕುಚ್ಚಲಕ್ಕಿಯೂ ಅಕ್ಕಿಯೇ; ಗಂಜಿಯೂ ಅನ್ನವೇ. ಬಿಡಬೇಕಾಗಿಲ್ಲ, ಅಳೆದು ಬಡಿಸಬೇಕು. ಅನ್ನ ಇಳಿದ ಜಾಗವನ್ನು ಬಸಳೆ, ಅಲಸಂಡೆ, ತೊಂಡೆ, ಹೆಸರುಕಾಳು, ಮೊಟ್ಟೆ ತುಂಬಲಿ. ಬಂಗುಡೆ, ಬೂತಾಯಿಗಳನ್ನು ಹುರಿಯುವ ಬದಲು ಸಾರು ಮಾಡಿದರೆ ಇನ್ನೂ ಒಳಿತು. ಮುಂಜಾನೆ ಇನ್ಸುಲಿನ್ನಿನ ಶಕ್ತಿ ಅತ್ಯಂತ ಕುಂದಿರುವುದರಿಂದ ನಾಲ್ಕು ಸನ್ನ ಮತ್ತು ಸಕ್ಕರೆ ಬೆರೆಸಿದ ಚಹಾದ ಉಪಾಹಾರ ಎಲ್ಲಕ್ಕಿಂತ ಕೆಟ್ಟದ್ದು. ಹಣ್ಣನ್ನು ಹಣ್ಣಾಗಿಯೇ ತಿನ್ನಬೇಕು, ರಸ ಹಿಂಡಿ ಕುಡಿಯಬಾರದು. ಮೂರು ಮಿತವಾದ ಊಟ, ನಡುವೆ ಎರಡು ಮೂರು ಚಿಕ್ಕ ತಿಂಡಿ: ಇದೇ ಕ್ರಮ. ಊಟವಾದ ಬಳಿಕ ಹತ್ತು ಹದಿನೈದು ನಿಮಿಷದ ನಡಿಗೆಗೆ ಅಂಗಳವೇ ಸಾಕು. ವೈದ್ಯರು ವಿಶ್ರಾಂತಿ ವಿಧಿಸಿದವರ ಮಾತು ಬೇರೆ.

ಈ ಊಟದಲ್ಲಿ ಗಂಡನೋ ಅತ್ತೆ ಮಾವಂದಿರೋ ಉಣ್ಣಬಾರದ್ದು ಏನಿದೆ? ಐವತ್ತು ದಾಟಿದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ತಾವೇ ಸಕ್ಕರೆಯ ಮಾತ್ರೆ ನುಂಗುವವರು. ಆದರೂ ಸೊಸೆಗೆ ಮಾತ್ರ ಬೇರೆ ಅಡುಗೆ, ಅದನ್ನೂ ಹೆಚ್ಚಾಗಿ ಅವಳೇ ಮಾಡಿಕೊಳ್ಳಬೇಕು! ಕ್ರಿಸ್ಮಸ್ಸಿನ ಕುಸ್ವಾರ್ ತಟ್ಟೆಯನ್ನು ಮೇಜಿನ ಮೇಲಿಟ್ಟು, ಮುಟ್ಟಬೇಡವೆಂದು ಒಬ್ಬಳಿಗೆ ಹೇಳುವುದು ಯಾವ ನ್ಯಾಯ? ಪಥ್ಯವನ್ನು ಮನೆಮಂದಿಯೆಲ್ಲ ಹಂಚಿಕೊಂಡರೆ ಅದು ಶಿಕ್ಷೆಯೆನಿಸದೆ ಕೇವಲ ಊಟವಾಗುತ್ತದೆ.

ಇನ್ನು ಕೆಲವರು ಹೆದರಿ ಊಟವನ್ನೇ ಬಿಡುತ್ತಾರೆ. ಇದು ಹೆಚ್ಚು ಅಪಾಯಕರ. ಬೆಳೆಯುವ ಮಗುವಿಗೆ ಅನ್ನವೂ ಬೇಕು. ತಪಸ್ಸುಕಾಲದ ಉಪವಾಸದಿಂದ ಗರ್ಭಿಣಿಯರಿಗೆ ವಿನಾಯಿತಿ ಇರುವುದನ್ನು ಮನೆಯ ಹಿರಿಯರೇ ಅವಳಿಗೆ ತಿಳಿಸುವುದೊಳ್ಳೆಯದು. ಎರಡು ವಾರಗಳ ಪಥ್ಯದ ಬಳಿಕವೂ ಊಟವಾಗಿ ಎರಡು ಗಂಟೆಗೆ ಸಕ್ಕರೆ 120ಕ್ಕಿಂತ ಕೆಳಗಿಳಿಯದಿದ್ದರೆ ವೈದ್ಯರು ಮಾತ್ರೆಯನ್ನೋ ಇನ್ಸುಲಿನ್ನನ್ನೋ ಆರಂಭಿಸುತ್ತಾರೆ. ಸೂಜಿಯೆಂದರೆ ಬೆಚ್ಚಿಬಿದ್ದು ಕಷಾಯಗಳ ಮೊರೆಹೋಗುವವರಿದ್ದಾರೆ. ಚುಚ್ಚಿದ ಇನ್ಸುಲಿನ್ ಮಾಸನ್ನು ದಾಟಿ ಮಗುವನ್ನು ಬಾಧಿಸುವುದಿಲ್ಲ. ಇಳಿಯದ ಸಕ್ಕರೆ ಬಾಧಿಸುತ್ತದೆ. ಪಥ್ಯ ಮಾಡಿಯೂ ಇನ್ಸುಲಿನ್ ಬೇಕಾದವಳು ಪಥ್ಯದಲ್ಲಿ ಸೋತವಳೆಂದು ಯಾರೂ ತಿಳಿಯಬಾರದು.

ಹೆರಿಗೆಯಾದೊಡನೆ ಸಕ್ಕರೆ ಸಾಮಾನ್ಯವಾಗಿ ಇಳಿಯುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ. ಬೆಲ್ಲ, ತುಪ್ಪ ಸುರಿದ ಬಾಣಂತಿ ಮದ್ದು ಪಾತ್ರೆಗಟ್ಟಲೆ ಕುದಿಯತೊಡಗುತ್ತದೆ. ಮುಂದಿನ ವರ್ಷಗಳಲ್ಲಿ ಖಾಯಂ ಮಧುಮೇಹ ತಗಲುವ ಸಂಭವ ಈ ತಾಯಂದಿರಿಗೆ ಇತರರಿಗಿಂತ ಬಹಳ ಹೆಚ್ಚೆಂಬುದು ಆಗ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಆರು ವಾರಗಳಿಗೆ ಅದೇ ಗ್ಲೂಕೋಸ್ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಮಗುವಿಗೆ ಲಸಿಕೆ ಹಾಕಿಸಲು ಆಸ್ಪತ್ರೆಗೆ ಒಯ್ಯುವುದೂ ಆರನೆಯ ವಾರದಲ್ಲೇ. ಅಂದೇ ತಾಯಿಯ ರಕ್ತವನ್ನೂ ನೋಡುವಂತೆ ಕೇಳಿಕೊಂಡರೆ ಎರಡು ಗಂಟೆ ಕಾಯಬೇಕಾದೀತು, ಅಷ್ಟೆ.