ನಮ್ಮ ಬೆಲೆ ಅಳೆಯುವ ಸೇರು ಯಾವುದು?



ಬೇರೆ ಊರಿನಲ್ಲಿ ನಡೆದ ಒಂದು ಭಾಷಣ ಸ್ಪರ್ಧೆಗೆ ನಾವು ಐದು ಜನ ಹೋಗಿದ್ದೆವು. ಅಲ್ಲಿ ಯಾರೋ ನಮ್ಮ ಜೊತೆಗಾರನೊಬ್ಬನ ಹತ್ತಿರ ಇಂಗ್ಲಿಷಿನಲ್ಲಿ ಏನೋ ಕೇಳಿದರು. "ಪೆರ್ಡೂರು" ಎಂದಷ್ಟೇ ಹೇಳಿ ಅವನು ತಡವರಿಸಿದ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ಅವನು ಮಾತಾಡಲೇ ಇಲ್ಲ. ಮತ್ತೆ ಮೂರು ದಿನ ಶಾಲೆಗೂ ಬರಲಿಲ್ಲ. (ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.) "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎಂಬ ಗಾದೆಯನ್ನು ಪರೀಕ್ಷೆಯಲ್ಲಿ ಎಷ್ಟೋ ಸಲ ವಿಸ್ತರಿಸಿ ಬರೆದಿದ್ದೆ. ಅದು ಅರ್ಥವಾದದ್ದು ಖಾಲಿ ಬೆಂಚು ನೋಡಿದಾಗ.

ಇಂದಿನ ಆಧುನಿಕ ಸಮಾಜದಲ್ಲಿ ಮನುಷ್ಯನ ಬೆಲೆ ಅಳೆಯಲು ಎಷ್ಟೊಂದು ಸೇರುಗಳುಂಟು! ಮಾರ್ಕು ಒಂದು ಸೇರು. ಇಂಗ್ಲಿಷ್ ಒಂದು ಸೇರು. ಮೊಬೈಲಿನಲ್ಲಿ ಹಾಕಿದ ಸ್ಟೇಟಸ್ಸನ್ನು ಎಷ್ಟು ಜನ ನೋಡಿದರು ಎಂಬುದು ಇನ್ನೊಂದು. ಇದರಲ್ಲಿ ಕಡಿಮೆ ಬಂದವ ತಾನೇ ಕಡಿಮೆ ಎಂದು ತಿಳಿಯುತ್ತಾನೆ.

ಹರೇಕಳದ ಹಾಜಬ್ಬರ ಕತೆ ನಿಮಗೆ ಗೊತ್ತುಂಟು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಅವರ ಹತ್ತಿರ ವಿದೇಶಿಯರು ಇಂಗ್ಲಿಷಿನಲ್ಲಿ ಕ್ರಯ ಕೇಳಿದರು. ಅವರಿಗೆ ಹೇಳಲು ಬರಲಿಲ್ಲ, ನಾಚಿಕೆಯಾಯಿತು. ಊರಿನ ಮಕ್ಕಳಿಗೆ ಹೀಗಾಗಬಾರದೆಂದು ಹಣ್ಣು ಮಾರಿದ ದುಡ್ಡು ಉಳಿಸಿ, ಹತ್ತಾರು ಜನರನ್ನು ಕೇಳಿ, ನ್ಯೂಪಡ್ಪುವಿನಲ್ಲಿ ಶಾಲೆ ಆಗುವಂತೆ ಮಾಡಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲೇ ಹೋಗಿ ಸ್ವೀಕರಿಸಿದರು. ಆದರೆ ಪ್ರಶಸ್ತಿ ಬರುವ ಎಷ್ಟೋ ವರ್ಷ ಮೊದಲೇ ಮಕ್ಕಳು ಆ ಶಾಲೆಯಲ್ಲಿ ಓದುತ್ತಿದ್ದರು. ಅವರ ಬೆಲೆ ಆಗಲೂ ಅಷ್ಟೇ ಇತ್ತು, ನೋಡಿದವರು ಕಡಿಮೆ.

"ಎಲ್ಲರೂ ಹಾಜಬ್ಬ ಆಗ್ಲಿಕ್ಕೆ ಆಗ್ತದಾ?" ಎಂದು ನೀವು ಕೇಳಬಹುದು. ಆಗುದಿಲ್ಲ. ಆದರೆ ನಮ್ಮ ಪೆರ್ಡೂರು ಮೇಳದ ಆಟ ಇರುವಾಗ ಚೌಕಿಗೆ ಇಣುಕಿದ್ದೀರಲ್ಲ? ಎಷ್ಟು ದೊಡ್ಡ ವೇಷವಾದರೂ ಹಿಂದಿನಿಂದ ಹಗ್ಗ ಬಿಗಿಯಲು ಇನ್ನೊಬ್ಬ ಬೇಕು. ಒಬ್ಬನೇ ನಿಂತು ಯಾರೂ ದೊಡ್ಡವರಾಗುವುದಿಲ್ಲ.

ಮೂರನೇ ದಿನ ಸಂಜೆ ನಾನು ಅವನ ಮನೆಗೆ ಹೋದೆ. ಅವನ ಅಮ್ಮ ಬೆಲ್ಲ, ನೀರು ಕೊಟ್ಟರು. "ನನ್ನಿಂದ ತಪ್ಪಾಯಿತು ಮಾರಾಯ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ತುಳುವಿನಲ್ಲಿ ಅವನು ಹೇಳಿದ್ದು ಇಷ್ಟು: "ಅವರು ನಕ್ಕದ್ದು ಎಂತ ದೊಡ್ಡದಲ್ಲ. ನೀನು ನಕ್ಕದ್ದೇ ಬೇಜಾರಾದದ್ದು." ಮರುದಿನ ಶಾಲೆಗೆ ಬಂದ.

ನನ್ನ ಅಭಿಪ್ರಾಯ ಇದು. ಪರವೂರಿನವರ ಸೇರಿಗಿಂತ ಜೊತೆಗಾರನ ಸೇರು ದೊಡ್ಡದು. ಇಂಗ್ಲಿಷ್ ಇವತ್ತಲ್ಲದಿದ್ದರೆ ನಾಳೆ ಬಂದೀತು. "ನಾನು ಯಾರಿಗೂ ಬೇಡ" ಎಂದು ಒಮ್ಮೆ ಅನ್ನಿಸಿದರೆ ಅದನ್ನು ಯಾವ ಪುಸ್ತಕವೂ ತೆಗೆಯುವುದಿಲ್ಲ, ಇನ್ನೊಬ್ಬ ಮನುಷ್ಯನೇ ಬಂದು ಮಾತಾಡಿಸಬೇಕು. ಆದ್ದರಿಂದ ತಡವರಿಸುವವನ ಮಾತು ಮುಗಿಯುವವರೆಗೆ ಕಾಯೋಣ. ಎರಡು ದಿನ ಬಾರದವನ ಮನೆಗೆ ಒಬ್ಬರಾದರೂ ಹೋಗೋಣ. ಗುರುಗಳಲ್ಲೂ ಒಂದು ವಿನಂತಿ: ಉತ್ತರ ಪತ್ರಿಕೆ ಕೊಡುವಾಗ ಮಾರ್ಕನ್ನು ಗಟ್ಟಿಯಾಗಿ ಓದದೆ ಕೈಗೇ ಕೊಟ್ಟರೆ ದೊಡ್ಡ ಉಪಕಾರ.

ನೀವೇನಂತೀರಿ? ಒಪ್ಪಿಗೆ ಇಲ್ಲದವರು ಮುಂದಿನ ಸಂಚಿಕೆಗೆ ಬರೆಯಿರಿ.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ