ಹಳೆ ಡಬ್ಬಕ್ಕೆ ಹೊಸ ಓಟ
ಪವರ್ ಬಟನ್ ಒತ್ತಿ, ಕಾಫಿ ಬೆರೆಸಿಕೊಂಡು ಬಂದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುವ ಕಂಪ್ಯೂಟರುಗಳು ಎಷ್ಟೋ ಮನೆಗಳಲ್ಲಿವೆ. ತಪ್ಪು ಹೆಚ್ಚಾಗಿ ಪ್ರೊಸೆಸರಿನದಲ್ಲ, ಹಾರ್ಡ್ ಡಿಸ್ಕಿನದು. ನಿಮಿಷಕ್ಕೆ 7,200 ಸುತ್ತು ಹೊಡೆದರೂ ಬೇಕಾದ ಕಡತದ ಜಾಗ ಹುಡುಕಲು ಹತ್ತು ಮಿಲಿಸೆಕೆಂಡಿನಷ್ಟು ಹಿಡಿಯುತ್ತದೆ. ವಿಂಡೋಸ್ ಏಳುವಾಗ ಇಂಥ ಓಡಾಟ ಸಾವಿರಾರು. ಇದಕ್ಕೆ ಮದ್ದು ಎಸ್‌ಎಸ್‌ಡಿ, ಅಂದರೆ ಸಾಲಿಡ್ ಸ್ಟೇಟ್ ಡ್ರೈವ್: ಅದರಲ್ಲಿ ತಿರುಗುವುದು ಏನೂ ಇಲ್ಲ, ಬರೀ ಚಿಪ್‌ಗಳು. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಜೋಡಿಸಲು ಬೇಕಾದ್ದು ಒಂದು ಡೇಟಾ ಕೇಬಲ್, ಒಂದು ಪವರ್ ಕೇಬಲ್, ನಾಲ್ಕು ಸ್ಕ್ರೂ. (ಸ್ಕ್ರೂ ಸಿಗದೆ ಡಬಲ್ ಟೇಪ್ ಅಂಟಿಸಿದವರೂ ಉಂಟು, ಹಗುರ ವಸ್ತು, ನಡೆಯುತ್ತದೆ.) ಹಳೆ ಡಿಸ್ಕ್ ಎಸೆಯಬೇಕಿಲ್ಲ: ಮದುವೆಯ ಫೋಟೊಗಳು ಅಲ್ಲೇ ಇರಲಿ, ವಿಂಡೋಸ್ ಮಾತ್ರ ಹೊಸದಕ್ಕೆ. ಬಯಾಸ್‌ನಲ್ಲಿ ಬೂಟ್ ಕ್ರಮ ಬದಲಿಸಲು ಮರೆತು, ಮತ್ತೆ ಹಳೆ ಡಿಸ್ಕಿನಿಂದಲೇ ಏಳುವ ಯಂತ್ರ ನೋಡಿ ಅಂಗಡಿಯವನನ್ನು ಬಯ್ಯುವವರೂ ಇದ್ದಾರೆ.