ಎಲೆ ಯಾರದು, ಆಟ ಯಾರದು?

ಆಟವಾಡಿದರೆ ಹಣ ಕರಗುವುದೆಂಬುದು ಹಿರಿಯರ ಮಾತು. ಆಟವಾಡಿದರೆ ಆಸ್ತಿ ಬೆಳೆಯುವುದೆಂಬುದು ಈಗ ಕೆಲವು ಕಂಪೆನಿಗಳ ಮಾತು. ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ ದಾಖಲಾದ ಎಲೆಗಳನ್ನು ಕೂಡಿಹಾಕಿ, ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ಎದುರಾಳಿಯೊಡನೆ ಆಡುವ ಆಟಗಳು 2018ರಿಂದೀಚೆಗೆ ಹಲವು ದೇಶಗಳಲ್ಲಿ ಹುಟ್ಟಿಕೊಂಡು, ನಮ್ಮ ತರುಣರ ಕೈಗೂ ಎಟಕುವಂತಾಗಿವೆ. ಇವುಗಳನ್ನು ಆಡಲು ತೊಡಗುವವರು ಮೊದಲು ತಿಳಿಯತಕ್ಕ ಸಂಗತಿಗಳೇನೆಂಬುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಆಟವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಬುದ್ಧಿಯನ್ನು ಮಸೆಯುವ ಆಟವು ಯಾವ ಕಾಲಕ್ಕೂ ನಿಂದ್ಯವಾಗಲಾರದು. ಆದರೆ ಆಟದ ಹೆಸರಿನಲ್ಲಿ ವ್ಯಾಪಾರವು ಬಂದಾಗ, ವ್ಯಾಪಾರದ ಕಣ್ಣಿನಿಂದಲೇ ಅದನ್ನು ನೋಡಬೇಕಾಗುವುದು.

ಕೂಡಿಹಾಕುವ ಎಲೆಗಳ ಆಟವು ಹೊಸದೇನೂ ಅಲ್ಲ. 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಎಂಬವರು ರಚಿಸಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟದಲ್ಲಿ ಎಲೆಗಳು ಕಾಗದದವು; ಕೊಂಡವನು ಅವನ್ನು ಪೆಟ್ಟಿಗೆಯಲ್ಲಿಡಬಹುದು, ಗೆಳೆಯನಿಗೆ ಕೊಡಬಹುದು, ಮಾರಬಹುದು. 2014ರಲ್ಲಿ ಬ್ಲಿಜಾರ್ಡ್ ಕಂಪೆನಿಯು ಹೊರತಂದ 'ಹಾರ್ತ್‌ಸ್ಟೋನ್' ಆಟದಲ್ಲಿ ಎಲೆಗಳು ಕಾಗದವನ್ನು ಬಿಟ್ಟು ಪರದೆಗೆ ಬಂದುವು. ಅಲ್ಲಿ ಹಣ ಕೊಟ್ಟು ಪಡೆದ ಎಲೆಯನ್ನು ಆಟಗಾರನು ಇನ್ನೊಬ್ಬನಿಗೆ ಮಾರುವಂತಿಲ್ಲ, ದಾನ ಮಾಡುವಂತೆಯೂ ಇಲ್ಲ. ಅವನು ಕೊಂಡದ್ದು ಎಲೆಯನ್ನಲ್ಲ, ಎಲೆಯನ್ನು ಬಳಸುವ ಅನುಮತಿಯನ್ನು ಮಾತ್ರ.

ಈ ಕೊರತೆಯು ಲೋಕಕ್ಕೆ ಎದ್ದು ಕಂಡದ್ದು 2019ರ ಅಕ್ಟೋಬರಿನಲ್ಲಿ. ಬ್ಲಿಟ್ಸ್‌ಚುಂಗ್ ಎಂಬ ಹೆಸರಿನಿಂದ ಆಡುತ್ತಿದ್ದ ಹಾಂಗ್‌ಕಾಂಗಿನ ತರುಣನೊಬ್ಬನು ಹಾರ್ತ್‌ಸ್ಟೋನ್ ಪಂದ್ಯವಾದ ಮೇಲೆ ತನ್ನ ನಾಡಿನ ಚಳವಳಿಯ ಪರವಾಗಿ ಘೋಷಣೆ ಮಾಡಿದನು. ಕಂಪೆನಿಯು ಅವನನ್ನು ಒಂದು ವರ್ಷ ಪಂದ್ಯಗಳಿಂದ ಹೊರಗಿಟ್ಟು, ಬರಬೇಕಾಗಿದ್ದ ಬಹುಮಾನದ ಹಣವನ್ನೂ ತಡೆಹಿಡಿಯಿತು. ಹಲವು ದೇಶಗಳಿಂದ ಪ್ರತಿಭಟನೆ ಎದ್ದಮೇಲೆ ಹಣವನ್ನು ಹಿಂದಿರುಗಿಸಿ, ಶಿಕ್ಷೆಯನ್ನು ಆರು ತಿಂಗಳಿಗಿಳಿಸಿತು. ಆ ಗಲಭೆಯ ನಡುವೆ, ಅವನು ಕಳೆದುಕೊಂಡ ಬಹುಮಾನವನ್ನು ತಾವು ಕೊಡುವೆವೆಂದು ಮುಂದೆ ಬಂದವರು 'ಗಾಡ್ಸ್ ಅನ್‌ಚೈನ್ಡ್' ಎಂಬ ಬ್ಲಾಕ್‌ಚೈನ್ ಆಟದವರು. ಅದರಲ್ಲಿ ಔದಾರ್ಯವೆಷ್ಟು, ಜಾಹೀರಾತೆಷ್ಟು ಎಂದು ತೂಗುವ ಗೋಜಿಗೆ ನಾವು ಹೋಗುವುದಿಲ್ಲ. ಆಟಗಾರನ ಎಲೆಯನ್ನು ಆಟದ ಯಜಮಾನನು ಕಸಿಯಲಾಗದಂತೆ ಮಾಡಬೇಕೆಂಬ ಅವರ ತತ್ತ್ವವು ಮೆಚ್ಚತಕ್ಕದ್ದೇ ಎಂಬುದರಲ್ಲಿ ಸಂಶಯವಿಲ್ಲ.

ಈ ಆಟವು ಆಸ್ಟ್ರೇಲಿಯಾದ ಸಿಡ್ನಿ ನಗರದ ಕಂಪೆನಿಯೊಂದರಲ್ಲಿ ಹುಟ್ಟಿತು. ಮೊದಲು ಫ್ಯೂಯೆಲ್ ಗೇಮ್ಸ್ ಎಂದಿದ್ದ ಕಂಪೆನಿಯ ಹೆಸರು ತರುವಾಯ ಇಮ್ಮ್ಯೂಟಬಲ್ ಎಂದಾಯಿತು. 2018ರಲ್ಲಿ ಎಲೆಗಳ ಮಾರಾಟವು ಆರಂಭವಾಯಿತು. ಆಟದ ಕ್ರಮವು ಕಠಿಣವಲ್ಲ. ಆಟಗಾರನು ಆರು ದೇವತೆಗಳಲ್ಲಿ ಒಂದನ್ನು ಆರಿಸಿ, 30 ಎಲೆಗಳ ಕಟ್ಟನ್ನು ಕಟ್ಟಿಕೊಂಡು, ಎದುರಾಳಿಯ ದೇವತೆಯ 30 ಅಂಶ ಪ್ರಾಣಶಕ್ತಿಯನ್ನು ಕುಂದಿಸಿ ಮುಗಿಸಬೇಕು. ಹೊಸಬನಿಗೆ ಮೊದಲ ಕಟ್ಟುಗಳು ಧರ್ಮಕ್ಕೆ ದೊರೆಯುವಂತೆ ಏರ್ಪಾಡಾಗಿತ್ತು. ಆಡುತ್ತ ಮೇಲೇರಿದಂತೆ ಇನ್ನಷ್ಟು ಎಲೆಗಳು ಬರುತ್ತಿದ್ದುವು. ಆದರೆ ಹಾಗೆ ಬಂದ ಸಾದಾ ಎಲೆಗಳು ಬ್ಲಾಕ್‌ಚೈನಿನಲ್ಲಿ ದಾಖಲಾದವುಗಳಲ್ಲ. ಒಂದೇ ಬಗೆಯ ಎಲೆಗಳನ್ನು ಕೂಡಿಸಿ ಬೆಸೆದ ಮೇಲೆಯೇ ಅವು ಮಾರತಕ್ಕ ಸ್ವತ್ತಾಗುತ್ತಿದ್ದುವು. ಹೊಸಬರು ಈ ಭೇದವನ್ನು ಮೊದಲ ದಿನವೇ ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ಬ್ಲಾಕ್‌ಚೈನ್ ಎಂದರೇನು? ಹಿಂದೆ ಗ್ರಾಮದ ಜಮೀನಿನ ಲೆಕ್ಕವು ಶ್ಯಾನುಭೋಗರೊಬ್ಬರ ಕೈಯಲ್ಲಿರುತ್ತಿದ್ದಿತು. ಅದೇ ಲೆಕ್ಕದ ಪ್ರತಿಯು ಊರಿನ ಅನೇಕ ಮನೆಗಳಲ್ಲಿದ್ದು, ಹೊಸ ಬರಹವನ್ನು ಸೇರಿಸುವಾಗ ಆ ಪ್ರತಿಗಳೆಲ್ಲ ಒಂದಕ್ಕೊಂದು ತಾಳೆಯಾಗಬೇಕಾಗಿದ್ದು, ಹಳೆಯ ಪುಟವನ್ನು ಯಾರೂ ಗುಟ್ಟಾಗಿ ತಿದ್ದಲಾರದಂತೆ ಇದ್ದಿದ್ದರೆ ಹೇಗೋ, ಬ್ಲಾಕ್‌ಚೈನ್ ಹಾಗೆ. ಇಂಥ ಎಲೆ ಇಂಥವನದು ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಆದರೆ ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಬಾವಿಯಲ್ಲಿ ನೀರು ಬರುವುದಿಲ್ಲವಷ್ಟೆ. ಎಲೆಯ ಒಡೆತನವು ಲೆಕ್ಕದ ಪುಸ್ತಕದಲ್ಲಿದೆ. ಆಟವಾದರೋ ಕಂಪೆನಿಯ ಯಂತ್ರಗಳಲ್ಲಿ ನಡೆಯುತ್ತದೆ. ಕಂಪೆನಿಯು ಆಟವನ್ನು ನಿಲ್ಲಿಸಿದ ದಿನ ಎಲೆಯು ನಿಮ್ಮದಾಗಿಯೇ ಉಳಿಯುವುದು, ಆಡಲು ಮಾತ್ರ ಕಣವಿರುವುದಿಲ್ಲ.

ಇದು ಬರಿಯ ಊಹೆಯಲ್ಲ. ಹಾಂಗ್‌ಕಾಂಗಿನ ಅನಿಮೋಕಾ ಬ್ರಾಂಡ್ಸ್ ಕಂಪೆನಿಯು 'ಎಫ್1 ಡೆಲ್ಟಾ ಟೈಮ್' ಎಂಬ ಮೋಟಾರು ಪಂದ್ಯದ ಆಟವನ್ನು ಇದೇ ಕ್ರಮದಲ್ಲಿ ನಡೆಸಿತು. 2019ರಲ್ಲಿ ಆ ಆಟದ ಒಂದು ಕಾರು, ಪರದೆಯ ಮೇಲಿನ ಚಿತ್ರದ ಕಾರು, ಒಂದು ಲಕ್ಷ ಡಾಲರುಗಳಿಗೂ ಮಿಕ್ಕಿ ಹರಾಜಾಯಿತು. ಫಾರ್ಮುಲಾ ಒನ್ ಸಂಸ್ಥೆಯ ಹೆಸರನ್ನು ಬಳಸುವ ಅನುಮತಿಯು ಮುಂದುವರಿಯದೆ 2022ರ ಮಾರ್ಚಿನಲ್ಲಿ ಆಟವೇ ಮುಚ್ಚಿತು. ಪ್ರತಿಯಾಗಿ ಬೇರೆ ಆಟದ ವಸ್ತುಗಳನ್ನು ಕೊಡುವ ಏರ್ಪಾಡು ನಡೆಯಿತಾದರೂ, ಕೊಂಡವನು ಓಡಿಸಬೇಕೆಂದಿದ್ದ ಪಂದ್ಯವು ಹೋದದ್ದು ಹೋಯಿತು.

ಹಣ ಗಳಿಸುವ ಆಸೆಯಿಂದ ಆಟಕ್ಕಿಳಿದವರ ಕಥೆಯು ಇನ್ನೂ ಗಂಭೀರವಾದುದು. ವಿಯೆಟ್ನಾಮಿನ ಸ್ಕೈ ಮೇವಿಸ್ ಕಂಪೆನಿಯ 'ಆಕ್ಸಿ ಇನ್ಫಿನಿಟಿ' ಆಟದಲ್ಲಿ ಪುಟ್ಟ ಪ್ರಾಣಿಗಳು ಎಲೆಗಳ ಬಲದಿಂದ ಕಾದಾಡುವುವು. ಮಹಾಮಾರಿಯ ಕಾಲದಲ್ಲಿ, ಅಂದರೆ 2020-21ರಲ್ಲಿ, ಕೆಲಸ ಕಳೆದುಕೊಂಡ ಫಿಲಿಪೈನ್ಸಿನ ಅನೇಕರು ಇದನ್ನೇ ಜೀವನೋಪಾಯ ಮಾಡಿಕೊಂಡರು. ಪ್ರಾಣಿಗಳನ್ನು ಕೊಳ್ಳಲು ಹಣವಿಲ್ಲದವರು ಧಣಿಗಳಿಂದ ಅವನ್ನು ಪಡೆದು ಆಡಿ, ಗಳಿಕೆಯಲ್ಲಿ ಪಾಲು ಕೊಡುತ್ತಿದ್ದರು. ನಮ್ಮ ಹಳ್ಳಿಗರಿಗೆ ಚೆನ್ನಾಗಿ ತಿಳಿದ ವಾರದ ಬೇಸಾಯವೇ ಇದು. ಅವರಿಗೆ ಕೂಲಿಯಾಗಿ ಬರುತ್ತಿದ್ದ ನಾಣ್ಯದ ಧಾರಣೆಯು 2021ರ ನಡುವಿನಲ್ಲಿ ಒಂದಕ್ಕೆ 30 ಸೆಂಟುಗಳನ್ನು ಮೀರಿದ್ದಿತು. 2022ರ ನಡುವಿಗೆ ಒಂದು ಸೆಂಟಿಗೂ ಕೆಳಗಿಳಿಯಿತು. ಹೊಸಬರು ಹಣ ತರುವವರೆಗೆ ಹಳಬರಿಗೆ ಆದಾಯ. ಹೊಸಬರ ಬರವು ನಿಂತೊಡನೆ ಎಲ್ಲರಿಗೂ ನಷ್ಟ. ಇಷ್ಟು ಸಾಲದೆಂಬಂತೆ, 2022ರ ಮಾರ್ಚಿನಲ್ಲಿ ಆ ಆಟದ ರೋನಿನ್ ಎಂಬ ಜಾಲಕ್ಕೆ ಕನ್ನ ಬಿದ್ದು, 1,73,600 ಈಥರ್ ನಾಣ್ಯಗಳೂ 255 ಲಕ್ಷ ಡಾಲರು ಮೌಲ್ಯದ ಮತ್ತೊಂದು ನಾಣ್ಯವೂ ಹೋದುವು. ಒಂಬತ್ತು ಕೀಲಿಗಳಲ್ಲಿ ಐದು ಕಳ್ಳರ ವಶವಾಗಿದ್ದುವು. ಕಳವಾದದ್ದು ಕಂಪೆನಿಗೆ ತಿಳಿದುದು ಆರು ದಿನಗಳ ತರುವಾಯ. ಲೆಕ್ಕದ ಪುಸ್ತಕವು ಎಷ್ಟು ಗಟ್ಟಿಯಾದರೇನು, ಬಾಗಿಲಿನ ಕೀಲಿಯನ್ನು ಕಾಯುವವರು ಮನುಷ್ಯರೇ ಅಲ್ಲವೆ?

ಆದಕಾರಣ ಈ ಆಟಗಳನ್ನು ತೊಡಗುವವರಿಗೆ ನಾವು ಹೇಳುವುದಿಷ್ಟು. ಮೊದಲನೆಯದಾಗಿ, ಒಂದು ತಿಂಗಳಾದರೂ ಬಿಟ್ಟಿ ಎಲೆಗಳಿಂದಲೇ ಆಡಬೇಕು. ಸಂತೋಷವಿಲ್ಲದ ಆಟವನ್ನು ಲಾಭಕ್ಕಾಗಿ ಆಡುವುದು ಆಟವೂ ಅಲ್ಲ, ಉದ್ಯೋಗವೂ ಅಲ್ಲ. ಎರಡನೆಯದಾಗಿ, ಎಲೆಗಳನ್ನಿಡುವ ಸಂಚಿಗೆ 12 ಅಥವಾ 24 ಪದಗಳ ಗುಪ್ತವಾಕ್ಯವನ್ನು ಕೊಟ್ಟಿದ್ದರೆ, ಅದನ್ನು ಕಾಗದದ ಮೇಲೆ ಬರೆದು ಭದ್ರವಾಗಿಡಬೇಕು. ಯಾರು ಯಾವ ನೆವದಿಂದ ಕೇಳಿದರೂ ಹೇಳಕೂಡದು. ಬ್ಯಾಂಕಿನ ಪಾಸುಪುಸ್ತಕ ಕಳೆದರೆ ಇನ್ನೊಂದನ್ನು ಕೊಡುವರು. ಈ ಪದಗಳು ಕಳೆದರೆ ಕೊಡತಕ್ಕವರು ಯಾರೂ ಇಲ್ಲ. ಮೂರನೆಯದಾಗಿ, ಹಣ ಕೊಟ್ಟು ಎಲೆಯನ್ನು ಕೊಂಡರೆ, ಆ ಹಣವನ್ನು ನಾಟಕದ ಟಿಕೀಟಿನಂತೆ ವಿನೋದದ ಖರ್ಚಿಗೆ ಬರೆಯಬೇಕೇ ಹೊರತು ಠೇವಣಿಯ ಲೆಕ್ಕಕ್ಕೆ ಬರೆಯಕೂಡದು. ಸಾಲ ತಂದು ಕೊಳ್ಳುವುದಂತೂ ಸರ್ವಥಾ ಸಲ್ಲದು.

ನಾಲ್ಕನೆಯದು ಸರ್ಕಾರದ ನಿಯಮ. ನಮ್ಮ ದೇಶದಲ್ಲಿ 2022ರ ಏಪ್ರಿಲ್ 1ರಿಂದ ಇಂಥ ಡಿಜಿಟಲ್ ಸ್ವತ್ತುಗಳ ಮಾರಾಟದ ಲಾಭಕ್ಕೆ ನೂರಕ್ಕೆ 30ರಂತೆ ತೆರಿಗೆಯನ್ನು ವಿಧಿಸಲಾಗಿದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಒಂದು ಎಲೆಯಲ್ಲಿ ಸಾವಿರ ರೂಪಾಯಿ ಗಳಿಸಿ ಮತ್ತೊಂದರಲ್ಲಿ ಸಾವಿರ ರೂಪಾಯಿ ಕಳೆದುಕೊಂಡವನ ಕೈಯಲ್ಲಿ ಉಳಿದುದು ಸೊನ್ನೆ. ಆದರೂ ಅವನು 300 ರೂಪಾಯಿಗಳನ್ನು ಸರ್ಕಾರಕ್ಕೆ ಕೊಡಬೇಕು. ಇದಲ್ಲದೆ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು, ಹಣ ಕಟ್ಟಿ ಹಣ ಗೆಲ್ಲುವ ಆಸೆಯಿಂದ ಆಡುವ ಆನ್‌ಲೈನ್ ಆಟಗಳನ್ನು ನಡೆಸಕೂಡದೆಂದು ಕಾನೂನನ್ನು ಮಾಡಿತು. ಅದರಲ್ಲಿ ಚಾತುರ್ಯದ ಆಟ, ಅದೃಷ್ಟದ ಆಟ ಎಂಬ ಭೇದವನ್ನಿಟ್ಟಿಲ್ಲ. ಕೊಂಡ ಎಲೆಯಿಂದ ಆಡಿ, ಮಾರತಕ್ಕ ನಾಣ್ಯವನ್ನು ಗೆಲ್ಲುವ ಆಟವು ಈ ಗೆರೆಯ ಯಾವ ಕಡೆಗೆ ಬೀಳುವುದೆಂಬುದನ್ನು ವಿಚಾರಿಸದೆ ಹಣ ತೊಡಗಿಸುವುದು ವಿವೇಕವಲ್ಲ.

ಆಟಗಾರನ ಎಲೆ ಆಟಗಾರನದೇ ಆಗಬೇಕೆಂಬ ಮಾತು ನ್ಯಾಯವಾದುದು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಒಡೆತನವೆಂಬ ದೊಡ್ಡ ಮಾತನ್ನಾಡುವವರು ಅದರ ಎಲ್ಲೆಯನ್ನೂ ಹೇಳಬೇಕು. ಕೊಂಡವನಿಗೆ ಸಲ್ಲುವ ಹಕ್ಕು ಯಾವುದು, ಕಂಪೆನಿಯ ಕೈಯಲ್ಲಿ ಉಳಿಯುವ ಅಧಿಕಾರ ಯಾವುದು, ಆಟ ನಿಂತರೆ ಅವನಿಗೆ ಸಿಗುವುದೇನು ಎಂಬ ಮೂರು ಸಂಗತಿಗಳನ್ನು, ಎಲೆಯನ್ನು ಮಾರುವ ಮೊದಲ ಪುಟದಲ್ಲಿಯೇ, ಇಲ್ಲಿನ ಜನರಿಗೆ ಮಾರುವುದಾದರೆ ಇಲ್ಲಿನ ಜನರ ಭಾಷೆಯಲ್ಲಿಯೇ, ಅಚ್ಚು ಹಾಕಿಸುವಂತೆ ಸರ್ಕಾರವು ವಿಧಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಅಲ್ಲಿಯವರೆಗೆ ನಮ್ಮ ತರುಣರು ಈ ಮೂರು ಪ್ರಶ್ನೆಗಳನ್ನು ತಾವೇ ಕೇಳಲಿ. ಉತ್ತರ ಬಾರದ ಕಡೆ ಒಂದು ರೂಪಾಯಿಯನ್ನೂ ಕೊಡದಿರಲಿ.